ಲೆನ್ಸಿನ ಮೇಲಿನ ಕೆಂಪು ಚುಕ್ಕೆ

ಮನೆಯಿಂದ,
ಮಾರ್ಚ್ ೧೪, ಭಾನುವಾರ ಮಧ್ಯಾಹ್ನ

ಪ್ರೀತಿಯ ಅಣ್ಣಾ,

ಹೇಗಿದ್ದೀಯ? ಎಂಜಿನ್ ಕೋಣೆಯ ಶಾಖಕ್ಕೆ ಕುತ್ತಿಗೆಯೆಲ್ಲ ಬೊಬ್ಬೆ ಎದ್ದಿದೆ ಅಂತ ಹಿಂದೊಮ್ಮೆ ಬರೆದಿದ್ದೆ, ಅದು ಮಾಯಿತಾ? ಹಡಗಿನಲ್ಲಿ ಕುಡಿಯುವ ನೀರಿಗೂ ಎಣ್ಣೆಯ ವಾಸನೆ ಅಂದಿದ್ದೆಯಲ್ಲ, ಈಗಲೂ ಹಾಗೇನಾ? ಹೊಟ್ಟೆ ನೋಡಿಕೊ. ಇಲ್ಲಿ ಅಮ್ಮ ಆರಾಮಾಗಿದ್ದಾಳೆ ಅಂತ ಬರೆಯಬೇಕು, ಅದಕ್ಕೇ ಬರೆಯುತ್ತಿದ್ದೇನೆ. ಊಟ ಮಾಡುತ್ತಾಳೆ, ಪಕ್ಕದ ಮನೆಯವರ ಜೊತೆ ಬಟ್ಟೆ ಒಣಗಿಸುವ ತಂತಿಗೆ ಜಗಳವೂ ಆಡುತ್ತಾಳೆ. ಸಾಯಂಕಾಲ ಅಪ್ಪ ಕೇಳುತ್ತಿದ್ದ ವಾರ್ತೆಯ ಹೊತ್ತಿಗೆ ಸರಿಯಾಗಿ ರೇಡಿಯೊ ಹಾಕುತ್ತಾಳೆ. ವಾರ್ತೆ ಓದುವವರು ಏನು ಹೇಳಿದರೂ ಅವಳ ಕಿವಿಗೆ ಬೀಳುವುದಿಲ್ಲ. ಕೊನೆಯಲ್ಲಿ ಸಮುದ್ರದ ಹವಾಮಾನ ಬರುತ್ತದಲ್ಲ, ಆಗ ಮಾತ್ರ ಸೌಟು ಕೆಳಗಿಟ್ಟು ಬಂದು ನಿಲ್ಲುತ್ತಾಳೆ. ನೀನು ಇರುವ ಸಮುದ್ರ ಅದಲ್ಲ ಅಂತ ನಾನು ಹೇಳಿದೆ. "ನೀರಿಗೇನು ಬೇಲಿ ಹಾಕಿದಾರಾ, ಸುಮ್ನಿರು" ಅಂದಳು.

ನಿನ್ನ ಕಾಗದ ಬಂದು ಹನ್ನೊಂದು ದಿನವಾಯಿತು. ಅಪ್ಪ ಹೋದ ಸುದ್ದಿ ನಿನಗೆ ಮುಟ್ಟುವಾಗ ಇಲ್ಲಿ ಎಲ್ಲಾ ಮುಗಿದು ಒಂಬತ್ತು ದಿನವಾಗಿತ್ತು. ನಡುಸಮುದ್ರದಲ್ಲಿ ನಿಂತು ನೀನು ಯಾರ ಮೇಲೆ ಸಿಟ್ಟು ಮಾಡಬೇಕು ಹೇಳು. ನನ್ನ ಮೇಲೆ ಮಾಡಿದೆ, ಸರಿಯಾಗಿಯೇ ಇದೆ. ಆ ಕಾಗದದಲ್ಲಿ ನೀನು ನನ್ನನ್ನು ಇರುವೆ ಅಂತ ಕರೆಯಲಿಲ್ಲ. ಚಿಕ್ಕಂದಿನಿಂದ ನೀನು ನನ್ನ ಹೆಸರು ಹಿಡಿದು ಕರೆದದ್ದು ಇದೇ ಮೊದಲು. "ದಿನಾ ಅಪ್ಪನ ಜೊತೆ ಇದ್ದವಳು ನೀನು. ಇರುವೆಯ ಮೀಸೆ ಕಾಣುತ್ತೆ ನಿನಗೆ, ಅಪ್ಪನ ಕಾಲು ಕಾಣಲಿಲ್ವಾ?" ಅಂತ ಕೇಳಿದ್ದೀಯ. ಆ ಸಾಲನ್ನು ಅಮ್ಮನಿಗೆ ಓದಿ ಹೇಳಲಿಲ್ಲ, ಹಾರಿಸಿಬಿಟ್ಟೆ. ದರ್ಜಿ ಅಂಗಡಿಯಲ್ಲಿ ಅಂಗಿಗಳ ಗುಂಡಿಗೆ ಕಾಜಾ ಹಾಕುತ್ತಾ ಹನ್ನೊಂದು ದಿನ ಅದಕ್ಕೆ ಉತ್ತರ ಹುಡುಕಿದೆ. ಅಣ್ಣಾ, ಕಾಣಿಸಿತ್ತು. ತಿಂಗಳು ತಿಂಗಳೂ ಕಾಣಿಸಿತ್ತು. ಎದುರು ನಿಂತು ಹೇಳಬೇಕಾಗಿದ್ದರೆ ನನ್ನ ಬಾಯಿಂದ ಹೊರಡುತ್ತಿರಲಿಲ್ಲ. ಐದನೇ ಕ್ಲಾಸಿಗೆ ಶಾಲೆ ಬಿಟ್ಟವಳ ಅಕ್ಷರ, ತಪ್ಪಿದ್ದರೆ ನೀನೇ ತಿದ್ದಿಕೊಂಡು ಓದು. ಆದರೆ ಕೊನೆಯವರೆಗೂ ಓದು.

ನೀನು ಹೋದ ಸಲ ರಜೆಗೆ ಬಂದಾಗ ಯಾವುದೋ ಬಂದರಿನ ಹಳೇ ಸಾಮಾನಿನ ಅಂಗಡಿಯಿಂದ ಆ ಕ್ಯಾಮೆರಾ ತಂದುಕೊಟ್ಟೆ, ಬರೀ ಡಬ್ಬ, ಲೆನ್ಸಿಲ್ಲ. "ಕಣ್ಣಿಲ್ಲದ ಕ್ಯಾಮೆರಾ ತಂದಿದಾನೆ ನೋಡು ಜಾಣ" ಅಂತ ಅಮ್ಮ ನಕ್ಕಿದ್ದಳು. ಆಗ ಅಪ್ಪ ಬೀರುವಿನ ಮೇಲಿನ ಪೆಟ್ಟಿಗೆಯಿಂದ ತಮ್ಮ ಫ್ಯಾಕ್ಟರಿಯ ಲೆನ್ಸ್ ತೆಗೆದರು. ಇಪ್ಪತ್ತಾರು ವರ್ಷ ಅದೇ ಲೆನ್ಸಿನಲ್ಲಿ ಅವರು ಯಂತ್ರದ ಬಿರುಕುಗಳ ಫೋಟೋ ತೆಗೆದದ್ದು ನಿನಗೆ ಗೊತ್ತೇ ಇದೆ. ಹಲ್ಲಿನ ಚಕ್ರ, ಕಬ್ಬಿಣದ ದಂಡ, ಬೆಸುಗೆ, ಎಲ್ಲೆಲ್ಲಿ ಕೂದಲೆಳೆಯಷ್ಟು ಸೀಳು ಕಂಡರೂ ಅಪ್ಪನಿಗೆ ಕರೆ ಬರುತ್ತಿತ್ತು. ಫ್ಯಾಕ್ಟರಿಯವರು ಹೊಸ ಮಿಷನ್ ತಂದಾಗ ಈ ಹಳೆಯ ಲೆನ್ಸನ್ನು ಕಸಕ್ಕೆ ಹಾಕುವುದರ ಬದಲು ಅಪ್ಪನ ಕೈಗೆ ಹಾಕಿ ಮನೆಗೆ ಕಳಿಸಿದ್ದರು. ಲೇತ್ ಮಾಮ, ಅದೇ ಅಪ್ಪನ ಫ್ಯಾಕ್ಟರಿಯಲ್ಲಿ ಕಬ್ಬಿಣ ಕಡೆಯುವ ಲೇತ್ ಯಂತ್ರದಲ್ಲಿದ್ದವರು, ಲೆನ್ಸು ಮತ್ತು ಕ್ಯಾಮೆರಾದ ನಡುವೆ ಕೂರುವ ಒಂದು ಉಂಗುರ ಕಡೆದುಕೊಟ್ಟರು. ಅದು ಒಂದು ಚೂರು ದಪ್ಪವಾಗಿಬಿಟ್ಟಿತು. ಹಾಗಾಗಿ ಹತ್ತಿರದ್ದು ಸೂಜಿಯ ಹಾಗೆ ಚೂಪು, ಹತ್ತು ಹೆಜ್ಜೆ ದಾಟಿದರೆ ಎಲ್ಲಾ ಮಂಜು. "ದೂರದ್ದು ನೋಡಿ ಏನಾಗ್ಬೇಕಮ್ಮಾ, ಹತ್ತಿರದವರನ್ನೇ ನೋಡೋರಿಲ್ಲ" ಅಂತ ಲೇತ್ ಮಾಮ ತಮ್ಮ ತಪ್ಪನ್ನು ನಗುತ್ತಾ ಮುಚ್ಚಿಕೊಂಡರು. ನೀನು ಚೀಲ ಹೊತ್ತು ರಸ್ತೆಯ ಕೊನೆಗೆ ಹೋಗಿ ತಿರುಗಿ ಕೈ ಬೀಸಿದ್ದೆಯಲ್ಲ, ಆ ಫೋಟೋದಲ್ಲಿ ಒಂದು ನೀಲಿ ಮಚ್ಚೆ ಮಾತ್ರ ಇದೆ. ಅದು ನೀನು ಅಂತ ಅಮ್ಮ ಕಪಾಟಿನ ಬಾಗಿಲಿಗೆ ಅಂಟಿಸಿದ್ದಾಳೆ.

ಲೆನ್ಸಿನ ಮೈಮೇಲೆ ಬಿಳಿ, ಹಳದಿ ಅಂಕಿಗಳು ತುಂಬಿದ್ದವು, ನನಗೆ ಒಂದೂ ಅರ್ಥವಾಗುತ್ತಿರಲಿಲ್ಲ. ಅಪ್ಪ, ಅಮ್ಮನ ಹಳೆಯ ಉಗುರುಬಣ್ಣದ ಶೀಸೆ ಕೇಳಿ ಈಸಿಕೊಂಡು, ತಿರುಗುವ ಉಂಗುರದ ಮೇಲೆ ಒಂದು ಕೆಂಪು ಚುಕ್ಕೆ ಇಟ್ಟರು. "ಚುಕ್ಕೇನ ಈ ಗೆರೆಗೆ ಕೂರಿಸು. ಆಮೇಲೆ ಉಂಗುರ ಮುಟ್ಟಬೇಡ. ನೀನೇ ಮುಂದೆ ಹಿಂದೆ ವಾಲು. ಚೂಪಾಗಿ ಕಂಡ ಕೂಡಲೇ ಉಸಿರು ಹಿಡಿದು ಒತ್ತು." ಮೊದಲ ವಾರ ನಾನು ತೂಗಾಡುವ ಗಡಿಯಾರದ ಹಾಗೆ ವಾಲಿದ್ದೇ ವಾಲಿದ್ದು, ಸೊಂಟ ಬಿದ್ದುಹೋಯಿತು. ಆದರೆ ಅಣ್ಣಾ, ಆಗ ಕಂಡದ್ದನ್ನು ಹೇಗೆ ಹೇಳಲಿ. ನಾನು ದಿನಾ ಹಾಕುವ ಕಾಜಾದ ನೂಲು ಹಡಗಿನ ಹಗ್ಗದಷ್ಟು ದಪ್ಪ. ಉಪ್ಪಿನ ಹರಳಿಗೆ ಗೋಡೆ, ಮೂಲೆ, ಮೆಟ್ಟಿಲು. ಹಾಲಿನ ಕೆನೆಯ ಮೇಲೆ ಅಜ್ಜಿಯ ಕೆನ್ನೆಯಂಥ ಸುಕ್ಕು. ನಲ್ಲಿಯ ತುಕ್ಕು, ಬಾಚಣಿಗೆಯ ಹಲ್ಲು, ಅಮ್ಮನ ಕನ್ನಡಕದ ತಿರುಪು, ಬಸ್ ಟಿಕೆಟ್ಟಿನ ನಾರು, ನೀನು ಹೇಳುವ ಆ ಇರುವೆಯ ಮೀಸೆ. ಜನರ ಮುಖ ನೋಡಿ ಮಾತಾಡಲು ಹೆದರುವವಳಿಗೆ ಒಂದು ಗುಂಡಿಯ ಎದುರು ಎಷ್ಟು ಹೊತ್ತು ಬೇಕಾದರೂ ಕೂರಬಹುದಿತ್ತು. ಅದು ತಿರುಗಿ ಏನನ್ನೂ ಕೇಳುತ್ತಿರಲಿಲ್ಲ.

ಹೋದ ಜೂನಿನಲ್ಲಿ ಒಂದು ದಿನ ಅಮ್ಮ ತರಕಾರಿಗೆ ಹೋಗಿದ್ದಾಗ ಅಪ್ಪ ನನ್ನನ್ನು ಕರೆದರು. ಕಾಲು ತೊಳೆದುಕೊಂಡು ಬಂದು, ಕಿಟಕಿಯ ಪಕ್ಕ ಕುರ್ಚಿಯಲ್ಲಿ ಕೂತು, ಎಡಗಾಲನ್ನು ಸ್ಟೂಲಿನ ಮೇಲೆ ಇಟ್ಟಿದ್ದರು. ಅವರ ಹಿಮ್ಮಡಿಯ ಹತ್ತಿರದ ಮಚ್ಚೆ ನಿನಗೆ ನೆನಪಿದೆ. "ಅಪ್ಪ ಮಗ ಇಬ್ಬರೂ ಕಾಲಡೀಲಿ ಮಚ್ಚೆ ಇಟ್ಕೊಂಡೇ ಹುಟ್ಟಿದ್ದಾರೆ, ಅದಕ್ಕೇ ಇವರ ಕಾಲು ಮನೇಲಿ ನಿಲ್ಲಲ್ಲ" ಅಂತ ಅಮ್ಮ ಯಾವಾಗಲೂ ಹಂಗಿಸುತ್ತಿದ್ದಳಲ್ಲ, ಅದೇ. "ಇದು ಸ್ವಲ್ಪ ಅಗಲ ಆದ ಹಾಗಿದೆ. ಫ್ಯಾಕ್ಟರಿಯಲ್ಲಿ ಮಾಡ್ತಿದ್ದ ಹಾಗೆ ನೋಡೋಣ. ಅಮ್ಮ ಕೇಳಿದರೆ ಪ್ರಾಕ್ಟೀಸು ಅನ್ನು" ಅಂದರು. ಫ್ಯಾಕ್ಟರಿಯ ಕ್ರಮ ಹೀಗಿತ್ತಂತೆ. ಬಿರುಕು ಕಂಡ ಕೂಡಲೇ ಯಾರೂ ಯಂತ್ರ ನಿಲ್ಲಿಸುವುದಿಲ್ಲ, ನಿಲ್ಲಿಸಿದರೆ ಇಡೀ ಸಾಲು ನಿಲ್ಲುತ್ತದೆ. ತಿಂಗಳಿಗೊಂದು ಫೋಟೋ, ಒಂದೇ ದೂರದಿಂದ, ಒಂದೇ ಅಳತೆಗೆ. ಪಕ್ಕ ಪಕ್ಕ ಇಟ್ಟು ನೋಡುವುದು. ಬೆಳೆದಿಲ್ಲವೆಂದರೆ ಅದು ಬರೀ ಗೆರೆ, ಫೋಟೋದ ಹಿಂದೆ ಪೆನ್ಸಿಲಿನಲ್ಲಿ "ಓಡಲಿ" ಅಂತ ಬರೆಯುವುದು. ಬೆಳೆದಿದ್ದರೆ "ನಿಲ್ಲಿಸಿ". ಅಪ್ಪ ಒಮ್ಮೆ "ನಿಲ್ಲಿಸಿ" ಅಂತ ಬರೆದರೆ ಮ್ಯಾನೇಜರು ಬಂದು ಕುಣಿದರೂ ಯಾರೂ ಆ ಯಂತ್ರ ಮುಟ್ಟುತ್ತಿರಲಿಲ್ಲ. ಆ ಕ್ರಮವನ್ನೇ ಅವರು ತಮ್ಮ ಕಾಲಿಗೆ ತಂದರು. ಕೆಂಪು ಚುಕ್ಕೆ ಗೆರೆಗೇ ಇದ್ದರೆ ಪ್ರತಿ ಸಲವೂ ದೂರ ಒಂದೇ, ಅಳತೆ ಒಂದೇ. ಡಾಕ್ಟರ ಹತ್ತಿರ ಹೋಗೋಣ ಅಂತ ನಾನು ಹೇಳಲಿಲ್ಲವಾ ಅಂತ ನೀನು ಕೇಳಬಹುದು. ಇಲ್ಲ, ಹೇಳಲಿಲ್ಲ. ಅಪ್ಪ ಬಿರುಕಿನ ವಿಷಯದಲ್ಲಿ ತಪ್ಪಿದ್ದನ್ನು ನಾನು ಕೇಳಿಯೇ ಇರಲಿಲ್ಲ.

ತಿಂಗಳಿಗೊಮ್ಮೆ, ಮೊದಲ ಭಾನುವಾರ, ಅಮ್ಮ ಇಲ್ಲದ ಹೊತ್ತು ನೋಡಿ ತೆಗೆಯುತ್ತಿದ್ದೆ. ಎರಡನೇ ಸಲವೇ ಅಮ್ಮ ಬೇಗ ಬಂದುಬಿಟ್ಟಳು. ನಾನು ನೆಲದ ಮೇಲೆ, ಅಪ್ಪನ ಕಾಲು ಸ್ಟೂಲಿನ ಮೇಲೆ. "ಇವರ ಕಾಲೇನು ಮದುವೆ ಹೆಣ್ಣಾ, ಹೀಗೆ ಕೂರಿಸಿ ಫೋಟೋ ತೆಗೆಸೋಕೆ?" ಅಂದಳು. ಅಪ್ಪ ಬೆರಳು ಆಡಿಸುತ್ತಾ "ವರ ಸಿಕ್ಕಿಲ್ಲ ಇನ್ನೂ" ಅಂದರು. ಮೂವರೂ ಎಷ್ಟು ನಕ್ಕೆವು.

ಈಗ ಹೇಳಬೇಕಾದದ್ದಕ್ಕೆ ಬಂದೆ. ಚುಕ್ಕೆಯನ್ನು ಗೆರೆಗೆ ಕೂರಿಸಿದರೆ ಲೆನ್ಸನ್ನು ಕಾಲಿಗೆ ತಾಗುವಷ್ಟು ಹತ್ತಿರ ಹಿಡಿಯಬೇಕಿತ್ತು. ಹಾಗೆ ಹಿಡಿದರೆ ನನ್ನ ತಲೆಯ ನೆರಳೇ ಮಚ್ಚೆಯ ಮೇಲೆ ಬೀಳುತ್ತಿತ್ತು. ಮೊದಲ ಎರಡು ತಿಂಗಳು ಹೇಗೋ ಮಾಡಿದೆ. ಮೂರನೇ ಸಲ ಮೋಡ, ಬೆಳಕು ಸಾಲಲಿಲ್ಲ. ಉಂಗುರವನ್ನು ಒಂದು ಚೂರು ತಿರುಗಿಸಿ ಹಿಂದೆ ಸರಿದೆ. ಚಿತ್ರ ತಿಳಿಯಾಗಿ ಬಂತು. ಹಳೆಯ ಫೋಟೋ ಪಕ್ಕದಲ್ಲಿಟ್ಟು ನೋಡಿದೆ. ಮಚ್ಚೆ ಅದರಲ್ಲಿ ಎಷ್ಟು ದೊಡ್ಡದಿತ್ತೋ ಇದರಲ್ಲೂ ಅಷ್ಟೇ ಇತ್ತು. ಅಪ್ಪನಿಗೆ ಕೊಟ್ಟೆ. ಅವರ ಕಣ್ಣಿಗೆ ಪೊರೆ ಬರಲು ಶುರುವಾಗಿದ್ದು ನಿನಗೆ ಗೊತ್ತು, ಮಚ್ಚೆಯ ಅಂಚು ಕಾಣುತ್ತಿತ್ತು, ಅದಕ್ಕಿಂತ ಸಣ್ಣದು ಕಾಣುತ್ತಿರಲಿಲ್ಲ. ಎರಡನ್ನೂ ಅಕ್ಕಪಕ್ಕ ಹಿಡಿದು, ಬಹಳ ಹೊತ್ತು ನೋಡಿ, ಉಸಿರು ಬಿಟ್ಟು, "ಬೆಳೆದಿಲ್ಲ. ಓಡಲಿ ಬಿಡು. ಶಭಾಷ್, ನಿನ್ನ ಕೈ ಕುದುರಿತು" ಅಂದರು. ಅವರ ಭುಜ ಇಳಿದದ್ದನ್ನು ನಾನು ನೋಡಿದೆ. ಆ ಒಂದು ಬಿಟ್ಟ ಉಸಿರು ನನಗೆ ಅಷ್ಟು ಇಷ್ಟವಾಯಿತು ಅಣ್ಣಾ. ಆಮೇಲಿನ ತಿಂಗಳುಗಳಲ್ಲಿ ನಾನು ಚುಕ್ಕೆ ನೋಡಲೇ ಇಲ್ಲ. ಹಳೆಯ ಫೋಟೋ ಮಡಿಲಲ್ಲಿಟ್ಟುಕೊಂಡು ಅದಕ್ಕೆ ಸರಿಹೊಂದುವವರೆಗೆ ಉಂಗುರ ತಿರುಗಿಸಿದೆ. ಮಚ್ಚೆ ಬೆಳೆದಂತೆಲ್ಲ ನಾನು ಹಿಂದೆ ಸರಿದೆ, ಅಷ್ಟೇ. ಗೊತ್ತಿದ್ದು ಮಾಡಿದೆಯಾ ಅಂತ ಕೇಳಿದರೆ ಇಲ್ಲ ಅಂತಲೇ ಹೇಳುತ್ತೇನೆ. ಆದರೆ ನನಗೆ ಗೊತ್ತಿಲ್ಲದ್ದು ನನ್ನ ಕೈಗೆ ಗೊತ್ತಿತ್ತೇನೋ ಅಂತ ಅನುಮಾನ ಬರುತ್ತದೆ. ಇಲ್ಲದಿದ್ದರೆ ಪ್ರತಿ ಸಲವೂ ಅದು ಒಂದೇ ಕಡೆಗೆ ಯಾಕೆ ತಿರುಗಿತು?

ನವೆಂಬರಿನಲ್ಲಿ ಕಾಲುಚೀಲ ಒಗೆಯುವಾಗ ಅಮ್ಮನಿಗೆ ರಕ್ತದ ಕಲೆ ಸಿಕ್ಕಿತು. ಆಸ್ಪತ್ರೆಗೆ ಅವಳೇ ಎಳೆದುಕೊಂಡು ಹೋದಳು, ನಾನೂ ಹೋದೆ. ಡಾಕ್ಟರಮ್ಮ ಕಾಲು ನೋಡಿದವರೇ ತೊಡೆಯ ಸಂದಿಯನ್ನು ಮುಟ್ಟಿ ನೋಡಿದರು. ಅಲ್ಲೊಂದು ಗಂಟು ಇತ್ತು. "ಯಾವಾಗಿಂದ ಬೆಳೀತಾ ಇದೆ ಇದು?" ಅಂತ ಕೇಳಿದರು. ಅಪ್ಪ ಅಂಗಿಯ ಜೇಬಿನಿಂದ ಆರು ಫೋಟೋ ತೆಗೆದು ಮೇಜಿನ ಮೇಲೆ ಸಾಲಾಗಿ ಜೋಡಿಸಿದರು. "ಬೆಳೆದಿಲ್ಲ ಡಾಕ್ಟ್ರೇ. ದಾಖಲೆ ಇದೆ. ನನ್ನ ಮಗಳೇ ತೆಗೆದಿದ್ದು" ಅಂದರು. ಎಷ್ಟು ಹೆಮ್ಮೆಯಿಂದ ಹೇಳಿದರು ಗೊತ್ತಾ. ಡಾಕ್ಟರಮ್ಮ ಫೋಟೋ ನೋಡಿದರು, ಕಾಲು ನೋಡಿದರು, ನನ್ನ ಮುಖ ನೋಡಿದರು. ಫೋಟೋಗಳನ್ನು ಜೋಡಿಸಿ ಅಪ್ಪನ ಕೈಗೇ ವಾಪಸು ಕೊಟ್ಟರು, ಒಳ್ಳೆಯವರು. ಹೊರಗೆ ಬಂದಾಗ ನನಗೆ ಮಾತ್ರ "ಪಕ್ಕದಲ್ಲಿ ಒಂದು ಸ್ಕೇಲ್ ಇಟ್ಟು ತೆಗೀಬಹುದಿತ್ತಲ್ಲಮ್ಮ" ಅಂದರು. ಅಲ್ಲಿಂದ ಮುಂದಿನದು ನಿನಗೆ ಅಮ್ಮ ಬರೆಸಿದ ಕಾಗದಗಳಲ್ಲಿದೆ. ಕಾಲು ಕೊಯ್ದರು, ಗಂಟು ತೆಗೆದರು, ಅಷ್ಟರಲ್ಲಿ ಕ್ಯಾನ್ಸರು ಶ್ವಾಸಕೋಶಕ್ಕೆ ಹೋಗಿತ್ತು. ಫೆಬ್ರವರಿಗೆ ಮುಗಿಯಿತು.

ಅಪ್ಪನ ಉತ್ತರಕ್ರಿಯೆ ಎಲ್ಲಾ ಮುಗಿದ ಮೇಲೆ, ಒಂದು ಬೆಳಗ್ಗೆ, ಆ ಆರು ಫೋಟೋ ಹರಡಿಕೊಂಡು ಕೂತೆ. ಲೆನ್ಸನ್ನು ತಿರುಗಿಸಿ ಕಣ್ಣಿಗಿಟ್ಟುಕೊಂಡರೆ ಅದೇ ಭೂತಗನ್ನಡಿಯಾಗುತ್ತದೆ. ಹೆಬ್ಬೆಟ್ಟಿನಲ್ಲಿ ಇರುವಂಥ ಸಣ್ಣ ಗೆರೆಗಳು ಅಂಗಾಲಿನಲ್ಲೂ ಇರುತ್ತವೆ, ನೋಡಿದ್ದೀಯಾ? ಮೈ ಬೆಳೆದು ನಿಂತ ಮೇಲೆ ಮನುಷ್ಯ ಸಾಯುವವರೆಗೂ ಅವು ದಪ್ಪವೂ ಆಗುವುದಿಲ್ಲ, ಸಣ್ಣವೂ ಆಗುವುದಿಲ್ಲ. ಮೊದಲ ಫೋಟೋದಲ್ಲಿ ಅವು ಉತ್ತ ಹೊಲದ ಸಾಲಿನಂತಿವೆ. ಆರನೆಯದರಲ್ಲಿ ಬಾಚಿದ ಕೂದಲಿನ ಹಾಗೆ. ಕಾಜಾದ ಹೊಲಿಗೆ ಎಣಿಸಿ ಎಣಿಸಿ ಅಭ್ಯಾಸವಾದವಳು, ಸೂಜಿಯ ಮೊನೆ ಇಟ್ಟು ಮಚ್ಚೆ ಎಷ್ಟು ಗೆರೆ ದಾಟಿದೆ ಅಂತ ಎಣಿಸಿದೆ. ಜೂನಿನಲ್ಲಿ ಒಂಬತ್ತು. ಜುಲೈಯಲ್ಲಿ ಹತ್ತು. ಅಲ್ಲಿಗೆ ಚುಕ್ಕೆ ಬಿಟ್ಟೆ. ಆಗಸ್ಟಿನಲ್ಲಿ ಹನ್ನೆರಡು, ಆಮೇಲೆ ಹದಿನಾಲ್ಕು, ಹದಿನೇಳು. ಕೊನೆಯದರಲ್ಲಿ ಇಪ್ಪತ್ತೊಂದು. ಮೂರು ಸಲ ಎಣಿಸಿದೆ. ಎಲ್ಲಾ ಫೋಟೋದಲ್ಲೂ ಇತ್ತು ಅಣ್ಣಾ, ಎಲ್ಲಾ ಸರಿಯಾಗಿ ಬರೆದಿಟ್ಟಿತ್ತು. ನಾನು ಮಚ್ಚೆಯನ್ನು ನೋಡಿದೆ, ಮಚ್ಚೆಯ ಪಕ್ಕದ್ದನ್ನು ನೋಡಲಿಲ್ಲ. ಆಗಸ್ಟಿನಲ್ಲೇ ಹೋಗಿದ್ದರೆ ಅಪ್ಪ ಉಳಿಯುತ್ತಿದ್ದರಾ ಅಂತ ಡಾಕ್ಟರಮ್ಮನನ್ನು ಕೇಳಿದೆ. "ಅದನ್ನ ಯಾರೂ ಹೇಳೋಕಾಗಲ್ಲಮ್ಮ" ಅಂದರು. ಹೌದು ಅಂದಿದ್ದರೂ ಅಳುತ್ತಿದ್ದೆ, ಇಲ್ಲ ಅಂದಿದ್ದರೂ ಅಳುತ್ತಿದ್ದೆ. ಯಾವುದೂ ಅಲ್ಲದ ಉತ್ತರ ಹಿಡಿದುಕೊಂಡು ಬಸ್ ಹತ್ತಿ ಮನೆಗೆ ಬಂದೆ.

ಇನ್ನೊಂದು ಇದೆ. ಜನವರಿಯಲ್ಲಿ, ಅಪ್ಪ ಮಂಚದಲ್ಲೇ ಇದ್ದಾಗ, ಒಂದು ಮಧ್ಯಾಹ್ನ ನಾನು ಅಂಗಡಿಯಿಂದ ಬಂದರೆ ಲೆನ್ಸನ್ನು ತಿರುಗಿಸಿ ಕಣ್ಣಿಗಿಟ್ಟುಕೊಂಡು ಈ ಫೋಟೋಗಳನ್ನು ಒಂದೊಂದಾಗಿ ನೋಡುತ್ತಿದ್ದರು. ನಾನು ಬಾಗಿಲಲ್ಲೇ ನಿಂತೆ. ಆರನೆಯದನ್ನೂ ನೋಡಿ ಮುಗಿಸಿ, ನನ್ನ ಕಡೆ ತಿರುಗಿ, "ಬಂದ್ಯಾ? ಲೆನ್ಸ್ ಒರೆಸಿಡು. ಚಪ್ಪಲಿ ಡಬ್ಬದಲ್ಲಿ ಬರುತ್ತಲ್ಲ ತೇವ ಹೀರೋ ಹರಳಿನ ಪೊಟ್ಟಣ, ಅದನ್ನ ಜೊತೆಗೆ ಹಾಕು, ಇಲ್ಲದಿದ್ರೆ ಬೂಷ್ಟು ಹಿಡಿಯುತ್ತೆ" ಅಂದರು, ಅಷ್ಟೇ. ಆರೂ ಫೋಟೋದ ಹಿಂದೆ "ಓಡಲಿ" ಅಂತಿದೆ. ಕೊನೆಯದರ ಹಿಂದೆ ಮಾತ್ರ ಅದರ ಕೆಳಗೆ, ನಡುಗುವ ಅಕ್ಷರದಲ್ಲಿ, "ಬೆಳಕು ಚೆನ್ನಾಗಿ ಬಂದಿದೆ" ಅಂತ ಬರೆದಿದ್ದಾರೆ. ಇಪ್ಪತ್ತಾರು ವರ್ಷದಲ್ಲಿ ಅವರು ಯಾವ ಫೋಟೋದ ಹಿಂದೆಯೂ ಹಾಗೆ ಬರೆದವರಲ್ಲ ಅಂತ ಲೇತ್ ಮಾಮ ಹೇಳಿದರು. ಅಪ್ಪನಿಗೆ ಗೊತ್ತಾಗಿತ್ತು ಅಂತ ನನಗನ್ನಿಸುತ್ತದೆ. ಗೊತ್ತಾದ ಮೇಲೆ ಇಷ್ಟನ್ನೇ ಬರೆದರು. ನನ್ನನ್ನು ಬೈದಿದ್ದರೆ ನಾನು ಇಷ್ಟು ಹೊತ್ತಿಗೆ ಎರಡು ಸಲ ಅತ್ತು ಮುಗಿಸಿರುತ್ತಿದ್ದೆ.

ಅಮ್ಮನಿಗೆ ಇದೊಂದೂ ತಿಳಿಸಿಲ್ಲ. ಹೇಳಬೇಕೋ ಬೇಡವೋ ನೀನೇ ಬರೆ, ನೀನು ಹೇಳಿದ ಹಾಗೆ ಮಾಡುತ್ತೇನೆ. ನನ್ನನ್ನು ಕ್ಷಮಿಸು ಅಂತ ಕೇಳಲು ಈ ಕಾಗದ ಬರೆದಿಲ್ಲ. ನಿನಗೆ ಸಿಟ್ಟು ಇರಲಿ. ಸಿಟ್ಟಿದ್ದರೂ ಕಾಗದ ಬರೆ. ಲೆನ್ಸನ್ನು ಅಪ್ಪ ಹೇಳಿದ ಹಾಗೆ ಒರೆಸಿ, ಪೊಟ್ಟಣ ಹಾಕಿ ಡಬ್ಬದಲ್ಲಿಟ್ಟಿದ್ದೇನೆ. ಅಪ್ಪ ಹೋದ ಮೇಲೆ ಅದರಲ್ಲಿ ಒಂದೇ ಒಂದು ಫೋಟೋ ತೆಗೆದೆ, ಅವರ ಕನ್ನಡಕದ ಗಾಜಿನ ಮೇಲೆ ಉಳಿದಿದ್ದ ಬೆರಳಿನ ಗುರುತು. ಅಮ್ಮ ಅದನ್ನು ಒರೆಸುವ ಮೊದಲು ತೆಗೆಯಬೇಕಿತ್ತು. ಚುಕ್ಕೆಯನ್ನು ಗೆರೆಗೆ ಕೂರಿಸಿಯೇ ತೆಗೆದೆ, ಸ್ಕೇಲ್ ಇಟ್ಟೇ ತೆಗೆದೆ. ಈಗ ಯಾರಿಗಾಗಿ ಅಂತ ಕೇಳಬೇಡ.

ಅಮ್ಮ ನಿನಗೆ ಆಶೀರ್ವಾದ ಹೇಳಿದ್ದಾಳೆ, ಬನಿಯನ್ ಒದ್ದೆ ಇರುವಾಗ ಹಾಕಿಕೊಳ್ಳಬೇಡ ಅಂತಲೂ ಹೇಳಿದ್ದಾಳೆ. ಲೇತ್ ಮಾಮ ನಿನ್ನನ್ನು ಕೇಳಿದರು. ಮೈ ಹುಷಾರು, ಅಣ್ಣಾ. ಅಲೆ ಕಡಿಮೆ ಇರಲಿ.

ನಿನ್ನ ತಂಗಿ,
(ನೀನು ಕರೆದರೂ, ಕರೆಯದಿದ್ದರೂ) ಇರುವೆ

ತಾ.ಕ.: ಸೋಮವಾರ ಬೆಳಗ್ಗೆ. ಅಂಚೆಗೆ ಹೊತ್ತಾಯಿತು, ಬೇಗ ಬರೆಯುತ್ತಿದ್ದೇನೆ. ಇದರೊಳಗೆ ಒಂದು ಫೋಟೋ ಇಟ್ಟಿದ್ದೇನೆ, ಅದು ಅಪ್ಪನ ಕಾಲಲ್ಲ, ನಿನ್ನದು. ಎರಡು ವರ್ಷದ ಹಿಂದೆ ನೀನು ನಡುಮನೆಯಲ್ಲಿ ಚಾಪೆಯ ಮೇಲೆ ಮಲಗಿದ್ದಾಗ, ಹೊದಿಕೆಯಿಂದ ಹೊರಗಿದ್ದ ಬಲಗಾಲನ್ನು ಪ್ರಾಕ್ಟೀಸಿಗೆ ಅಂತ ತೆಗೆದಿದ್ದೆ. ಆಗ ಹೊಸದಾಗಿ ಕಲಿಯುತ್ತಿದ್ದೆ, ಚುಕ್ಕೆ ಗೆರೆಗೇ ಇತ್ತು. ನಿನ್ನ ಮಚ್ಚೆ ಆರು ಗೆರೆ ದಾಟಿದೆ. ಮನೆಯಲ್ಲಿ ಬೇರೆ ಯಾರಿಗಾದರೂ ಇಂಥದ್ದಿದ್ದರೆ ತಡಮಾಡದೆ ತೋರಿಸಿ ಅಂತ ಡಾಕ್ಟರಮ್ಮ ನನಗೆ ಹೇಳಿದ್ದಾರೆ. ನೀನು ಹಗಲೂ ರಾತ್ರಿ ಬೂಟು ಹಾಕಿಕೊಂಡೇ ಇರುವವನು, ಯಾರು ನೋಡುತ್ತಾರೆ ಅಲ್ಲಿ? ಬೂಟು ಬಿಚ್ಚು. ಬಿಸಿಲಿಗೆ ಹೋಗಿ ಗೆರೆ ಎಣಿಸು. ಏಳು ಗೆರೆ ದಾಟಿದ್ದರೆ ಮುಂದಿನ ಬಂದರಿನಲ್ಲೇ ಇಳಿದು ಆಸ್ಪತ್ರೆಗೆ ಹೋಗು. ಆರೇ ಇದ್ದರೂ ಹೋಗು. ಎಣಿಸಲು ಆಗದಿದ್ದರೂ ಹೋಗು. ಇನ್ನೊಂದು ತಿಂಗಳು ನೋಡೋಣ ಅನ್ನಬೇಡ. ಫೋಟೋದ ಹಿಂದೆ ಅಪ್ಪನ ಪೆನ್ಸಿಲಿನಲ್ಲೇ "ನಿಲ್ಲಿಸಿ" ಅಂತ ಬರೆದಿದ್ದೇನೆ. ಅಕ್ಷರ ನನ್ನದು, ಚೆನ್ನಾಗಿಲ್ಲ. ಅಪ್ಪ ಬರೆದದ್ದು ಅಂದುಕೊಂಡು ಕೇಳು.